ಶಾಲೆಯ ಬಾಗಿಲು ಮತ್ತು ಬೀದಿಯ ಕಾನೂನು

ಮುಂಗಾರು ಮಲೆನಾಡಿಗೆ ಕಾಲಿಡುವ ಹೊತ್ತಿಗೆ ಶಾಲೆಗಳೂ ಬಾಗಿಲು ತೆರೆದಿರುತ್ತವೆ. ಕೊಡೆಯ ಅಡಿಯಲ್ಲಿ ಪಾಟೀಚೀಲವನ್ನು ಎದೆಗವಚಿಕೊಂಡು, ಗದ್ದೆಯಂಚು, ಕಾಲುಸಂಕ, ಕಾಡುದಾರಿಗಳನ್ನು ದಾಟಿ ಬರುವ ಮಕ್ಕಳ ಸಾಲು ಘಟ್ಟದ ಊರುಗಳಿಗೆ ಹೊಸ ನೋಟವಲ್ಲ. ಆ ದಾರಿಯಲ್ಲಿ ಒಂದು ಸಂಕ ಕೊಚ್ಚಿಹೋದರೆ ಅದು ಒಂದು ಮನೆಯ ಕಷ್ಟವೆಂದು ಯಾರೂ ಭಾವಿಸುವುದಿಲ್ಲ. ಊರಿನ ನಾಲ್ಕು ಜನ ಸೇರಿ ಅಡಕೆಮರ ಕಡಿದು ಹಾಸುತ್ತಾರೆ. ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದು ದಾಟಿಸುತ್ತಾರೆ. ಮಗು ಶಾಲೆಗೆ ಹೋಗುವ ದಾರಿ ಊರಿನ ಹೊಣೆ ಎಂಬ ತಿಳಿವಳಿಕೆ ಯಾವ ಕಾಯಿದೆಯ ಪುಸ್ತಕದಿಂದಲೂ ಬಂದುದಲ್ಲ.

ಅದೇ ದಿನಗಳಲ್ಲಿ ರಾಜಧಾನಿಯ ದಂಡು ಪ್ರದೇಶದಲ್ಲಿ ಇನ್ನೊಂದು ನೋಟ ಕಾಣುತ್ತದೆ. ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ ರೆಸಿಡೆನ್ಸಿ ರಸ್ತೆ, ರಿಚ್‌ಮಂಡ್ ರಸ್ತೆ, ಮ್ಯೂಸಿಯಂ ರಸ್ತೆಗಳಲ್ಲಿ ಶಾಲೆಯ ಬಾಗಿಲಿನತ್ತ ಕಾರುಗಳ ಸಾಲು ಹರಿಯತೊಡಗುತ್ತದೆ. ಒಂದೊಂದು ಕಾರಿನಲ್ಲಿ ಒಂದು ಮಗು, ಹೆಚ್ಚೆಂದರೆ ಎರಡು. ಬಾಗಿಲಿನ ನೇರಕ್ಕೇ ಮಗುವನ್ನು ಇಳಿಸಬೇಕೆಂಬ ಹಠದಲ್ಲಿ ಒಂದು ವಾಹನ ನಿಲ್ಲುತ್ತದೆ. ಅದರ ಪಕ್ಕದಲ್ಲಿ ಎರಡನೆಯದು, ಅದರಾಚೆ ಮೂರನೆಯದು. ಹಿಂದಿನವರು ಹಾರನ್ ಬಾರಿಸುತ್ತಾರೆ. ಸ್ಕೂಟರುಗಳು ಕಾಲುದಾರಿ ಏರುತ್ತವೆ. ಕಾಲುದಾರಿಯಲ್ಲಿ ನಡೆದು ಬರುತ್ತಿದ್ದ ಮಗು ರಸ್ತೆಗೆ ಇಳಿಯುತ್ತದೆ. ಶಾಲೆಯ ಕಾವಲುಗಾರ ಸೀಟಿ ಊದುತ್ತಾನೆ; ಯಾರೂ ಅದಕ್ಕೆ ಕಿವಿಗೊಡುವುದಿಲ್ಲ. ಹಲಸೂರು, ಇಂದಿರಾನಗರಗಳನ್ನು ಹಾದು ಕೆ.ಆರ್. ಪುರದವರೆಗೂ ಹೆಸರಾಂತ ಶಾಲೆಗಳ ಮುಂದೆ ಇದೇ ನೋಟ ಮರುಕಳಿಸುತ್ತದೆ.

ಇಲ್ಲಿಂದ ಹುಟ್ಟುವ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಮಕ್ಕಳನ್ನು ಎಲ್ಲಿ ಇಳಿಸಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೊರಡಬೇಕು ಎಂಬ ನಿಯಮಗಳನ್ನು ಶಾಲೆಗಳು ಪೋಷಕರ ಮೇಲೆ ಹೇರಬಲ್ಲವೇ? ಹೇರಿದರೂ ಪಾಲಿಸದ ಪೋಷಕನನ್ನು ಏನು ಮಾಡಬಲ್ಲವು?

ನಗರದ ಕಾರುಗಳ ಜಗಳ ಮಲೆನಾಡಿನ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ಕಾರಣಗಳು ಎರಡು. ನಗರದ ರಸ್ತೆಯಲ್ಲಿ ಒತ್ತಡ ಏರಿದಾಗಲೆಲ್ಲ ಅದಕ್ಕೆ ಸಿಕ್ಕಿರುವ ಉತ್ತರ ಒಂದೇ: ರಸ್ತೆ ಅಗಲಿಸು, ಮೇಲ್ಸೇತುವೆ ಕಟ್ಟು, ಮರ ಉರುಳಿಸು. 2000ರ ದಶಕದಲ್ಲಿ ರಸ್ತೆ ವಿಸ್ತರಣೆಯ ಹೆಸರಿನಲ್ಲಿ ಸಾಲುಮರಗಳನ್ನು ಕಡಿಯಲು ಹೊರಟಾಗ 'ಹಸಿರು ಉಸಿರು' ಮುಂತಾದ ನಾಗರಿಕ ಬಳಗಗಳು ಬೀದಿಗಿಳಿದಿದ್ದವು. ಅಷ್ಟಾದರೂ ನಗರದ ಹಸಿವು ಇಂಗಲಿಲ್ಲ. ಜಲ್ಲಿ, ಮರಳು, ವಿದ್ಯುತ್ತು, ಕೊನೆಗೆ ನೀರು ಎಲ್ಲವೂ ದೂರದ ಊರುಗಳಿಂದಲೇ ಬರಬೇಕು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು 2019ರಲ್ಲಿ ಎದ್ದಾಗ ಶರಾವತಿ ಕಣಿವೆ ಸಿಡಿದೆದ್ದುದನ್ನು ಯಾರೂ ಮರೆತಿಲ್ಲ. ಬೇಡಿಕೆಗೆ ಮಿತಿ ಹಾಕಲು ಕಲಿಯದ ನಗರದ ಭಾರವನ್ನು ಕೊನೆಗೆ ಘಟ್ಟವೇ ಹೊರುತ್ತದೆ. ಎರಡನೆಯ ಕಾರಣ ಇನ್ನೂ ಹತ್ತಿರದ್ದು: ಅದೇ ರೋಗ ಈಗ ಮಲೆನಾಡಿನ ಪೇಟೆಗಳಿಗೂ ತಗಲಿದೆ. ಅದರ ಮಾತು ಮುಂದೆ ಬರುತ್ತದೆ.

ಮೊದಲು ದಂಡು ಪ್ರದೇಶದ ಸ್ಥಿತಿಯನ್ನು ಅರಿಯಬೇಕು. ಬ್ರಿಟಿಷರು 1809ರಲ್ಲಿ ಸೈನ್ಯಕ್ಕೆಂದು ನೆಲೆಗೊಳಿಸಿದ ಈ ಭಾಗ ನೂರನಲವತ್ತು ವರ್ಷಗಳ ಕಾಲ ಹಳೆಯ ಪೇಟೆಯಿಂದ ಬೇರೆಯೇ ಆಗಿದ್ದು, 1949ರಲ್ಲಿ ನಗರಸಭೆಯೊಡನೆ ಒಂದಾಯಿತು. ಇಲ್ಲಿನ ದೊಡ್ಡ ಶಾಲೆಗಳು ಬಹುಪಾಲು ಆ ಕಾಲದವು. ಸೇಂಟ್ ಜೋಸೆಫ್ ಸಂಸ್ಥೆಯ ಮೂಲ 1858ರದು, ಬಿಷಪ್ ಕಾಟನ್ ಶಾಲೆ 1865ರದು, ಬಾಲ್ಡ್‌ವಿನ್ 1880ರದು. ಹಲಸೂರಿನ ಆಸುಪಾಸಿನ ಬಡಮಕ್ಕಳಿಗಾಗಿ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ತೆರೆದ ಶಾಲೆ 1873ರದು. ಈ ಶಾಲೆಗಳ ಬಾಗಿಲುಗಳನ್ನು ಕಟ್ಟಿದವರ ಕಣ್ಣ ಮುಂದಿದ್ದವರು ನಡೆದು ಬರುವ ಮಗು, ಜಟಕಾದಲ್ಲಿ ಬರುವ ಮಗು, ಶಾಲೆಯಲ್ಲೇ ಉಳಿಯುವ ಮಗು. ಪ್ರತಿಯೊಂದು ಮಗುವೂ ತನ್ನದೇ ಕಾರಿನಲ್ಲಿ ಬರುವ ದಿನವನ್ನು ಅವರಾರೂ ಊಹಿಸಿರಲಾರರು. ಇಂದು ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಬಾಗಿಲು ಮಾತ್ರ ಅಂದಿನದೇ.

ಲೆಕ್ಕ ಹಾಕಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಒಂದು ಶಾಲೆಯಲ್ಲಿ ಎರಡು ಸಾವಿರ ಮಕ್ಕಳಿದ್ದಾರೆಂದೂ, ಅವರಲ್ಲಿ ಅರ್ಧದಷ್ಟು ಮಕ್ಕಳು ತಲಾ ಒಂದು ಕಾರಿನಲ್ಲಿ ಬರುತ್ತಾರೆಂದೂ ಇಟ್ಟುಕೊಳ್ಳೋಣ. ನಡುವಿನ ಅಂತರವೂ ಸೇರಿ ಒಂದು ಕಾರಿಗೆ ಐದೂವರೆ ಮೀಟರ್ ಜಾಗ ಬೇಕೆಂದರೆ ಆ ಸಾವಿರ ಕಾರುಗಳ ಸಾಲು ಐದೂವರೆ ಕಿಲೋಮೀಟರ್ ಉದ್ದವಾಗುತ್ತದೆ; ಶಿವಾಜಿನಗರದ ಬಸ್ ನಿಲ್ದಾಣದಿಂದ ಹೆಚ್ಚುಕಡಿಮೆ ಇಂದಿರಾನಗರವನ್ನು ಮುಟ್ಟುತ್ತದೆ. ಅದೇ ಸಾವಿರ ಮಕ್ಕಳನ್ನು ನಲವತ್ತು ಮಂದಿಯ ಬಸ್ಸುಗಳಲ್ಲಿ ಕೂರಿಸಿದರೆ ಇಪ್ಪತ್ತೈದು ಬಸ್ಸು ಸಾಕು. ಅವುಗಳ ಸಾಲು ಮುನ್ನೂರು ಮೀಟರ್ ಚಿಲ್ಲರೆ. ಇಷ್ಟು ಸರಳವಾದ ಗಣಿತವನ್ನು ಐದನೆಯ ತರಗತಿಯ ಮಗು ಬಿಡಿಸಬಲ್ಲದು. ಅದನ್ನು ಬಾಗಿಲಿಗೆ ತಂದುಬಿಡುವ ಹಿರಿಯರು ಬಿಡಿಸಲು ಒಲ್ಲರು.

ಇನ್ನು ಕಾನೂನಿನ ಮಾತು. ಶಾಲೆಯ ಕಾಂಪೌಂಡಿನ ಹೊರಗಿನ ರಸ್ತೆ ಸಾರ್ವಜನಿಕರದು. ಅಲ್ಲಿ ವಾಹನಗಳನ್ನು ನಿರ್ಬಂಧಿಸುವ, ಫಲಕ ನೆಡುವ, ನಿಲುಗಡೆಯ ಸ್ಥಳ ಗೊತ್ತುಪಡಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯಿದೆಯ 115, 116, 117ನೆಯ ಕಲಮುಗಳು ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಕೊಟ್ಟಿವೆ. ಇತರರಿಗೆ ಅಪಾಯವಾಗುವಂತೆ, ಅಡ್ಡಿಯಾಗುವಂತೆ ವಾಹನ ನಿಲ್ಲಿಸುವುದನ್ನು 122ನೆಯ ಕಲಮು ನಿಷೇಧಿಸುತ್ತದೆ. 1989ರ ರಸ್ತೆ ನಿಯಮಗಳು ಶಾಲೆ ಮತ್ತು ಆಸ್ಪತ್ರೆಗಳ ಪ್ರವೇಶದ್ವಾರದ ಬಳಿ ವಾಹನ ನಿಲ್ಲಿಸಕೂಡದೆಂದು ಹೆಸರಿಟ್ಟೇ ಹೇಳಿದ್ದವು. ಅವುಗಳ ಸ್ಥಾನಕ್ಕೆ ಬಂದ 2017ರ ಚಾಲನಾ ನಿಯಮಗಳೂ ಕಾಲುದಾರಿಯ ಮೇಲೆ, ಪಾದಚಾರಿಗಳು ರಸ್ತೆ ದಾಟುವ ಪಟ್ಟಿಯ ಮೇಲೆ ವಾಹನ ನಿಲ್ಲಿಸುವುದನ್ನು ತಡೆಯುತ್ತವೆ. ಕಾನೂನಿಗೆ ಇಲ್ಲಿ ಬರಗಾಲವಿಲ್ಲ. ಆದರೆ ಅದನ್ನು ಜಾರಿ ಮಾಡುವ ಕೈ ಪೊಲೀಸರದೇ ಹೊರತು ಶಾಲೆಯದಲ್ಲ. ಶಾಲೆಯ ಕಾವಲುಗಾರ ರಸ್ತೆಯ ನಡುವೆ ನಿಂತು ಕೈ ತೋರಿಸಬಹುದು. ಆ ಕೈಗೆ ವಿನಂತಿಯ ಬಲವಿದೆ, ಆಜ್ಞೆಯ ಬಲವಿಲ್ಲ. ಶಾಲೆ ತನ್ನಷ್ಟಕ್ಕೆ ರಸ್ತೆಯಲ್ಲಿ ಹಗ್ಗ ಕಟ್ಟಿದರೆ, ತನ್ನ ಪೋಷಕರಿಗೆಂದು ಜಾಗ ಹಿಡಿದಿಟ್ಟರೆ, ಅದೂ ಸಾರ್ವಜನಿಕ ರಸ್ತೆಯ ಅತಿಕ್ರಮಣವೇ.

ಹಾಗಾದರೆ ನಿಯಮ ಮುರಿದ ಪೋಷಕನಿಗೆ ಮಗುವಿನ ಮೂಲಕ ಬಿಸಿ ಮುಟ್ಟಿಸಬಹುದೇ? ಮಗುವನ್ನು ತರಗತಿಯ ಹೊರಗೆ ನಿಲ್ಲಿಸುವುದು, ಮರುವರ್ಷ ಪ್ರವೇಶ ಕೊಡೆವೆಂದು ಹೆದರಿಸುವುದು, ವರ್ಗಾವಣೆ ಪತ್ರ ಕೈಗಿಡುವುದು—ಇಂಥ ದಾರಿಗಳು ಬೇಸತ್ತ ಆಡಳಿತ ಮಂಡಳಿಗಳಿಗೆ ಹೊಳೆಯುವುದು ಸಹಜ. ಇಲ್ಲಿ ಕಾಯಿದೆ ಸ್ಪಷ್ಟವಾಗಿ ಅಡ್ಡ ನಿಂತಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 16ನೆಯ ಕಲಮಿನಂತೆ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 17ನೆಯ ಕಲಮಿನಂತೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡುವಂತಿಲ್ಲ. ಕಾಯಿದೆ ಇರದಿದ್ದರೂ ನ್ಯಾಯ ಬೇರೆಯಾಗುತ್ತಿರಲಿಲ್ಲ. ಸ್ಟಿಯರಿಂಗ್ ಹಿಡಿದವರು ತಂದೆತಾಯಿ. ಹಿಂದಿನ ಆಸನದಲ್ಲಿ ಕುಳಿತ ಮಗು ದಾರಿಯನ್ನು ಆರಿಸಲಿಲ್ಲ, ನಿಲುಗಡೆಯನ್ನೂ ಆರಿಸಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ನ್ಯಾಯ ಶಾಲೆಯ ಬಾಗಿಲಿನಲ್ಲಿ ನಡೆಯಕೂಡದು.

ಆದ್ದರಿಂದ ಮೊದಲ ಪ್ರಶ್ನೆಗೆ ನೇರ ಉತ್ತರ ಇದು: ಬಾಗಿಲಿನ ಹೊರಗೆ ಪೋಷಕರನ್ನು ದಂಡಿಸುವ ಅಧಿಕಾರ ಶಾಲೆಗಿಲ್ಲ. ಆದರೆ ಅಧಿಕಾರವಿಲ್ಲ ಎಂಬುದರಿಂದ ಹೊಣೆಯಿಲ್ಲ ಎಂದು ಅರ್ಥವಾಗುವುದಿಲ್ಲ. ಬೆಳಗಿನ ಈ ದಟ್ಟಣೆಯನ್ನು ಬೀದಿಗೆ ಕರೆತಂದದ್ದು ಶಾಲೆಯೇ. ಊರಿನ ದೂರದ ಮೂಲೆಗಳಿಂದ ಮಕ್ಕಳನ್ನು ಸೇರಿಸಿಕೊಂಡು, ಸಾವಿರಾರು ಮಂದಿಯನ್ನು ಅರ್ಧ ಗಂಟೆಯೊಳಗೆ ಒಂದೇ ಬಾಗಿಲಿಗೆ ಕರೆದು, ಬಳಿಕ ರಸ್ತೆಯ ಗೊಂದಲ ಪೊಲೀಸರಿಗೆ ಸೇರಿದ್ದು ಎನ್ನುವುದು ಕಾರ್ಖಾನೆಯೊಂದು ತನ್ನ ಕೊಳೆನೀರನ್ನು ಹೊಳೆಗೆ ಬಿಟ್ಟು ಹೊಳೆ ಸರ್ಕಾರದ್ದು ಎಂದಂತೆ. ತುಂಗಭದ್ರೆಯ ದಡದ ಹಳ್ಳಿಗಳಿಗೆ ಆ ವಾದದ ಪರಿಚಯ ಚೆನ್ನಾಗಿಯೇ ಇದೆ.

ಶಾಲೆಯ ಕೈಯಲ್ಲಿರುವ ಸಾಧನಗಳು ಕಡಿಮೆಯೇನಲ್ಲ. ಕಾಂಪೌಂಡಿನೊಳಗಿನ ನೆಲ ಅದರದು. ಆ ನೆಲವನ್ನು ಬೆಳಿಗ್ಗೆ ಅರ್ಧ ಗಂಟೆ ತೆರೆದು, ಒಂದು ಬಾಗಿಲಿನಿಂದ ಒಳಬಂದು ಇನ್ನೊಂದರಿಂದ ಹೊರಹೋಗುವಂತೆ ಮಾಡಿದರೆ ರಸ್ತೆಯ ಮೇಲಿನ ಸಾಲು ಕರಗುತ್ತದೆ. ಒಳಗೆ ಬರಲು ಅನುಮತಿ ಚೀಟಿ ಕೊಡುವ, ನಿಯಮ ಮುರಿದವರ ಚೀಟಿಯನ್ನು ಹಿಂಪಡೆಯುವ ಹಕ್ಕು ಅದಕ್ಕಿದೆ. ಇದರಿಂದ ಕಾರು ಹೊರಗುಳಿಯುತ್ತದೆಯೇ ಹೊರತು ಮಗುವಲ್ಲ. ಮೂರು ನಾಲ್ಕು ಮಕ್ಕಳನ್ನು ಕರೆತರುವ ವಾಹನಕ್ಕೆ ಮೊದಲ ಜಾಗ, ಒಂದೇ ಮಗುವಿನ ಕಾರಿಗೆ ಕೊನೆಯ ಜಾಗ ಎಂಬ ನಿಯಮ ಮಾಡಬಹುದು. ತರಗತಿಗಳ ಆರಂಭವನ್ನು ಇಪ್ಪತ್ತು ನಿಮಿಷಗಳ ಅಂತರದಲ್ಲಿ ಹಂಚಬಹುದು. ಬಸ್ಸುಗಳನ್ನು ಓಡಿಸಬಹುದು. ಹದಿನೆಂಟು ತುಂಬದ ವಿದ್ಯಾರ್ಥಿ ಸ್ಕೂಟರ್ ಏರಿ ಬಂದರೆ ಅದನ್ನು ಆವರಣದೊಳಗೆ ಬಿಡದಿರಬಹುದು. ಇಲ್ಲಿ ಶಾಲೆಯ ಶಿಸ್ತಿಗೆ ತನ್ನದೇ ವಿದ್ಯಾರ್ಥಿಯ ಮೇಲೆ ಹಿಡಿತವಿದೆ. ಅಂಥ ಬಾಲಕ ಅಪರಾಧವೆಸಗಿದರೆ ಪೋಷಕ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷಗಳವರೆಗಿನ ಸೆರೆವಾಸವೂ 25,000 ರೂಪಾಯಿ ದಂಡವೂ ಇದೆ ಎಂದು 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮು ಹೇಳುತ್ತದೆ. ಇದನ್ನು ಪೋಷಕರ ಸಭೆಯಲ್ಲಿ ಓದಿ ಹೇಳಲು ಯಾವ ಅಧಿಕಾರವೂ ಬೇಕಿಲ್ಲ.

ಬೆಂಗಳೂರಿನಲ್ಲಿ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಸಂಚಾರ ಪೊಲೀಸರು 'ಸುರಕ್ಷಿತ ಶಾಲಾ ಮಾರ್ಗ' ಎಂಬ ಹೆಸರಿನಲ್ಲಿ ಕೈಗೊಂಡ ಕಾರ್ಯಕ್ರಮದ ತಿರುಳು, ಮಕ್ಕಳು ಹತ್ತುವುದೂ ಇಳಿಯುವುದೂ ಶಾಲೆಯ ಆವರಣದೊಳಗೇ ಆಗಬೇಕು ಎಂಬುದೇ ಆಗಿತ್ತು. 2014–15ರ ಸುಮಾರಿಗೆ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಮ್ಯೂಸಿಯಂ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಯೋಜನೆಯಡಿ ಅಗಲವಾದ ಕಾಲುದಾರಿಗಳು ಬಂದವು. 2023ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ವಿಚಾರಣೆಯ ವೇಳೆ, ದಟ್ಟಣೆ ತಗ್ಗಿಸಲು ಶಾಲಾ ಸಮಯವನ್ನು ಬದಲಿಸುವ ಬಗ್ಗೆ ಸಂಬಂಧಪಟ್ಟವರೊಡನೆ ಚರ್ಚಿಸುವಂತೆ ಉಚ್ಚ ನ್ಯಾಯಾಲಯ ಸರ್ಕಾರಕ್ಕೆ ಸೂಚಿಸಿತು. ಸಭೆ ನಡೆಯಿತು. ಶಾಲೆಗಳೂ ಪೋಷಕರೂ ಒಪ್ಪಲಿಲ್ಲ. ಈಗಾಗಲೇ ಬೆಳಿಗ್ಗೆ ಬೇಗ ಆರಂಭವಾಗುವ ಶಾಲೆಯನ್ನು ಇನ್ನೂ ಬೇಗ ಆರಂಭಿಸಿದರೆ ಮಗುವಿನ ನಿದ್ರೆಗೂ ತಿಂಡಿಗೂ ಸಂಚಕಾರ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿತ್ತು. ಕಾರಿಗೆ ದಾರಿ ಮಾಡಿಕೊಡಲು ಮಗುವಿನ ನಿದ್ರೆಯನ್ನು ಕತ್ತರಿಸುವುದು ವಿವೇಕವಲ್ಲ. ಆದರೆ ಕಾರಿನ ಸಂಖ್ಯೆಯನ್ನೇ ಕತ್ತರಿಸುವ ಮಾತು ಅಷ್ಟೇ ಗಟ್ಟಿಯಾಗಿ ಯಾವ ಪಕ್ಷದಿಂದಲೂ ಕೇಳಿಬರಲಿಲ್ಲ.

ಪೋಷಕರನ್ನೇ ಖಳರನ್ನಾಗಿ ಚಿತ್ರಿಸುವುದೂ ನ್ಯಾಯವಲ್ಲ. ಶಾಲಾ ಬಸ್ಸಿನ ಶುಲ್ಕ ಅನೇಕರ ಕೈಗೆಟುಕುವುದಿಲ್ಲ. ಮಧ್ಯಮ ವರ್ಗದ ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೊರಡಬೇಕು. ಮಗುವನ್ನು ದಾರಿಯಲ್ಲಿ ಬಿಟ್ಟುಹೋಗುವುದು ಅವರಿಗೆ ಅನುಕೂಲ. ಕೆ.ಆರ್. ಪುರದ ಕಡೆ ಹಳೆಯ ಮದ್ರಾಸ್ ರಸ್ತೆಯನ್ನು ಎಂಟು ವರ್ಷದ ಮಗು ಒಂಟಿಯಾಗಿ ದಾಟಲಿ ಎಂದು ಯಾವ ತಾಯಿ ತಾನೇ ಕಳಿಸಿಯಾಳು? 2003ರಲ್ಲಿ ಅಲ್ಲಿ ತೂಗುಸೇತುವೆ ಬಂತು. 2023ರಲ್ಲಿ ಮೆಟ್ರೊ ರೈಲು ಕೆ.ಆರ್. ಪುರವನ್ನು ಮುಟ್ಟಿತು. ಆದರೆ ನಿಲ್ದಾಣದಿಂದ ಶಾಲೆಯವರೆಗಿನ ಕಾಲುದಾರಿಗೆ ಅಂಥ ಮುಹೂರ್ತ ಕೂಡಿಬರಲಿಲ್ಲ. ಹೀಗಾಗಿ ಒಂದು ವಿಷವರ್ತುಲ ಬೆಳೆದಿದೆ. ರಸ್ತೆ ಅಪಾಯಕಾರಿ ಎಂದು ಪೋಷಕರು ಮಗುವನ್ನು ಕಾರಿನಲ್ಲಿ ಕರೆತರುತ್ತಾರೆ. ಕಾರುಗಳು ಹೆಚ್ಚಿದಷ್ಟೂ ರಸ್ತೆ ಅಪಾಯಕಾರಿಯಾಗುತ್ತದೆ. ಅಪಾಯ ಹೆಚ್ಚಿತೆಂದು ಇನ್ನೊಂದು ಮನೆಯವರೂ ಕಾರು ಹೊರತೆಗೆಯುತ್ತಾರೆ. ಪ್ರತಿಯೊಬ್ಬರೂ ತಮ್ಮ ಮಗುವನ್ನು ಇತರರ ವಾಹನದಿಂದ ಕಾಪಾಡುತ್ತಿದ್ದಾರೆ. ತಮ್ಮ ವಾಹನದಿಂದ ಇತರರ ಮಗುವನ್ನು ಕಾಪಾಡುವವರು ಮಾತ್ರ ಇಲ್ಲ.

ಆ ಇತರರ ಮಗು ಯಾರು? ಶಿವಾಜಿನಗರದ ಗಲ್ಲಿಗಳಿಂದ ಸರ್ಕಾರಿ ಉರ್ದು, ತಮಿಳು, ಕನ್ನಡ ಶಾಲೆಗಳಿಗೆ ನಡೆದು ಹೋಗುವ ಮಗು. ಹಲಸೂರಿನ ಬಜಾರು ಬೀದಿಯಿಂದ ತಂಗಿಯ ಕೈ ಹಿಡಿದು ಬರುವ ಹುಡುಗಿ. ಕಟ್ಟಡ ಕಟ್ಟಲು ಉತ್ತರ ಕರ್ನಾಟಕದಿಂದ ಬಂದು ಕೆ.ಆರ್. ಪುರದ ಆಚೆ ತಗಡಿನ ಮನೆಗಳಲ್ಲಿ ಇರುವವರ ಮಕ್ಕಳು. ಇವರ ಮನೆಯಲ್ಲಿ ಕಾರಿಲ್ಲ. ಆದ್ದರಿಂದ ಮಕ್ಕಳನ್ನು ಇಳಿಸುವ ನಿಯಮದ ಚರ್ಚೆಯಲ್ಲಿ ಇವರ ಹೆಸರೂ ಇಲ್ಲ. ಆದರೆ ಹೊಗೆಯನ್ನು ಹೆಚ್ಚು ಕುಡಿಯುವವರು ಇವರೇ. ಕಾರಿನ ಹೊಗೆಕೊಳವೆಯ ಎತ್ತರಕ್ಕೂ ಚಿಕ್ಕ ಮಗುವಿನ ಮೂಗಿನ ಎತ್ತರಕ್ಕೂ ದೊಡ್ಡ ಅಂತರವಿಲ್ಲ; ಮಕ್ಕಳ ಉಸಿರಾಟವೂ ದೊಡ್ಡವರಿಗಿಂತ ವೇಗದ್ದು. ಜಗತ್ತಿನಲ್ಲಿ ಹದಿನೈದು ವರ್ಷದೊಳಗಿನ ನೂರು ಮಕ್ಕಳಲ್ಲಿ 93 ಮಂದಿ ಕೆಟ್ಟ ಗಾಳಿಯನ್ನೇ ಉಸಿರಾಡುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಶಾಲೆಯ ಮುಂದೆ ಎಂಜಿನ್ ಆರಿಸದೆ ಕಾಯುವ ಪ್ರತಿಯೊಂದು ವಾಹನವೂ ಆ ಲೆಕ್ಕಕ್ಕೆ ತನ್ನ ಪಾಲನ್ನು ಸೇರಿಸುತ್ತದೆ.

ಶಿಕ್ಷಣ ಹಕ್ಕಿನ ನಿಯಮಗಳಲ್ಲಿ ಎಲ್ಲರೂ ಮರೆತ ಒಂದು ಮಾತಿದೆ. 2010ರ ಕೇಂದ್ರ ನಿಯಮಗಳು ಶಾಲೆಯ ದೂರವನ್ನು ಅಳೆದದ್ದು ಮಗುವಿನ ನಡಿಗೆಯಿಂದ: ಒಂದರಿಂದ ಐದನೆಯ ತರಗತಿಯವರಿಗೆ ನಡೆದು ಹೋಗಬಲ್ಲ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕು. ದುರ್ಗಮ ನೆಲ, ಭೂಕುಸಿತ, ನೆರೆ, ರಸ್ತೆಯಿಲ್ಲದ ಕಡೆಗಳಲ್ಲಿ ಈ ಮಿತಿಯನ್ನೂ ತಗ್ಗಿಸಿ ಶಾಲೆಯನ್ನು ಇನ್ನೂ ಹತ್ತಿರ ತರಬೇಕೆಂದು ಅದೇ ನಿಯಮ ಹೇಳುತ್ತದೆ. ನಡೆದು ಬರುವ ಮಗುವೇ ಶಿಕ್ಷಣ ವ್ಯವಸ್ಥೆಯ ಅಳತೆಗೋಲು ಎಂಬ ತತ್ವ ಇಲ್ಲಿ ಅಡಗಿದೆ. ನೆರೆಹೊರೆಯ ಶಾಲೆ ಎಂಬ ಆ ಕಲ್ಪನೆಯನ್ನು ಕೈಬಿಟ್ಟು, ಹತ್ತಿರದ ಶಾಲೆಯನ್ನು ಸೊರಗಿಸಿ, ಹದಿನೈದು ಕಿಲೋಮೀಟರ್ ದೂರದ ಹೆಸರಾಂತ ಶಾಲೆಗೆ ಮಗುವನ್ನು ಸಾಗಿಸುವುದೇ ಅಂತಸ್ತಿನ ಗುರುತಾದ ದಿನವೇ ಬಾಗಿಲಿನ ದಟ್ಟಣೆ ಹುಟ್ಟಿತು. ರಸ್ತೆಯಲ್ಲಿ ಕಾಣುವ ಸಾಲಿನ ಬೇರು ಪ್ರವೇಶದ ಪಟ್ಟಿಯಲ್ಲಿದೆ.

ಹೊರನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. ಇಟಲಿಯ ಬೋಲ್ಜಾನೊ ನಗರದಲ್ಲಿ ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಮುಂದಿನ ಬೀದಿಯನ್ನು ವಾಹನಗಳಿಗೆ ಮುಚ್ಚುವ ಪದ್ಧತಿ ಕಳೆದ ಶತಮಾನದ ಕೊನೆಯಲ್ಲೇ ಮೊದಲಾಯಿತು. 'ಶಾಲಾ ಬೀದಿ' ಎಂಬ ಆ ಪದ್ಧತಿ 2020ರ ಬಳಿಕ ಲಂಡನ್ನಿನ ನೂರಾರು ಶಾಲೆಗಳಿಗೆ ಹಬ್ಬಿತು. ಅಲ್ಲಿಯೂ ಬೀದಿಯನ್ನು ಮುಚ್ಚುವ ಆದೇಶ ಸ್ಥಳೀಯ ಆಡಳಿತದ್ದು. ಶಾಲೆ ಅದರ ಜೊತೆಗಾರ ಮಾತ್ರ. ಜಪಾನಿನಲ್ಲಿ ನೆರೆಯ ಮಕ್ಕಳು ಗುಂಪಾಗಿ, ದೊಡ್ಡವರು ಚಿಕ್ಕವರನ್ನು ಕರೆದುಕೊಂಡು ಶಾಲೆಗೆ ನಡೆಯುತ್ತಾರೆ. ಮಲೆನಾಡಿನ ಮಕ್ಕಳಿಗೆ ಇದು ವಿದೇಶದ ಸೋಜಿಗವಾಗಿ ಕಾಣಬೇಕಿಲ್ಲ. ಅವರ ಅಜ್ಜಂದಿರು ಶಾಲೆಗೆ ಹೋದದ್ದು ಹಾಗೆಯೇ.

ಬೆಂಗಳೂರಿನಲ್ಲಿ ಆಗಬೇಕಾದದ್ದನ್ನು ಮೂರು ಪಾಲಾಗಿ ಹಂಚಬಹುದು. ಮೊದಲನೆಯದು ಪೊಲೀಸರ ಪಾಲು. ಶಾಲೆ ಆರಂಭವಾಗುವ ಅರ್ಧ ಗಂಟೆ, ಬಿಡುವ ಅರ್ಧ ಗಂಟೆ ಬಾಗಿಲಿನ ಮುಂದೆ ವಾಹನ ನಿಲ್ಲಕೂಡದೆಂದು ವಿಧಿವತ್ತಾದ ಆದೇಶ ಹೊರಡಿಸಿ, ಯಾರ ಮುಖವನ್ನೂ ನೋಡದೆ ಜಾರಿ ಮಾಡಬೇಕು. ದೊಡ್ಡವರ ಕಾರಿಗೊಂದು, ಆಟೋದವನಿಗೊಂದು ನ್ಯಾಯವಾದರೆ ಮಕ್ಕಳು ಕಲಿಯುವ ಮೊದಲ ಪಾಠವೇ ತಪ್ಪಾಗುತ್ತದೆ. ಎರಡನೆಯದು ಸ್ಥಳೀಯ ಆಡಳಿತದ ಪಾಲು. ಬೆಂಗಳೂರು ಮಹಾನಗರ ಪಾಲಿಕೆ ಒಡೆದು 2025ರ ಸೆಪ್ಟೆಂಬರಿನಲ್ಲಿ ಐದು ನಗರ ಪಾಲಿಕೆಗಳಾದವು. ಶಿವಾಜಿನಗರ ಕೇಂದ್ರ ಪಾಲಿಕೆಗೆ ಸೇರಿದರೆ ಕೆ.ಆರ್. ಪುರ ಪೂರ್ವ ಪಾಲಿಕೆಗೆ ಸೇರಿತು. ಪಾಲಿಕೆಗಳ ಗಡಿ ಚಿಕ್ಕದಾದರೆ ದೃಷ್ಟಿ ಹತ್ತಿರವಾಗಬೇಕು. ಪ್ರತಿ ಶಾಲೆಯ ಸುತ್ತ ಒಂದು ಕಿಲೋಮೀಟರ್ ಮುರಿಯದ ಕಾಲುದಾರಿ ಕೊಡುವುದು ಸುರಂಗ ರಸ್ತೆ ಕೊರೆಯುವುದಕ್ಕಿಂತ ಸುಲಭ, ಅಗ್ಗ.

ಮೂರನೆಯದು ಶಾಲೆ ಮತ್ತು ಪೋಷಕರ ಪಾಲು. ಪೋಷಕರ ಸಂಘದಲ್ಲೇ ನಿಯಮ ಚರ್ಚೆಯಾಗಿ, ಪೋಷಕರೇ ಸರದಿಯಂತೆ ಬಾಗಿಲಿನಲ್ಲಿ ನಿಂತರೆ, ಕಾವಲುಗಾರನ ಸೀಟಿಗಿಲ್ಲದ ಬಲ ನೆರೆಮನೆಯವರ ನೋಟಕ್ಕೆ ಬರುತ್ತದೆ. ಬಸ್ಸನ್ನು ಕಡ್ಡಾಯ ಮಾಡುವ ಮೊದಲು ಅದನ್ನು ಕೈಗೆಟುಕುವಂತೆ, ನಂಬಿಕೆಗೆ ಅರ್ಹವಾಗುವಂತೆ ಮಾಡಬೇಕು. ದೆಹಲಿಯ ವಜೀರಾಬಾದ್ ಸೇತುವೆಯಿಂದ 1997ರ ನವೆಂಬರಿನಲ್ಲಿ ಶಾಲಾ ಬಸ್ಸೊಂದು ಯಮುನೆಗೆ ಉರುಳಿ 28 ಮಕ್ಕಳು ಸತ್ತ ಬಳಿಕವೇ ಸರ್ವೋಚ್ಚ ನ್ಯಾಯಾಲಯ ಶಾಲಾ ವಾಹನಗಳಿಗೆ ಕಟ್ಟುನಿಟ್ಟಿನ ನಿರ್ದೇಶನಗಳನ್ನು ಕೊಟ್ಟಿತು. ಕರ್ನಾಟಕ ಶಾಲಾ ವಾಹನಗಳಿಗಾಗಿ ಪ್ರತ್ಯೇಕ ನಿಯಮ ಮಾಡಿದ್ದು 2012ರಲ್ಲಿ. ಪ್ರತಿಯೊಂದು ನಿಯಮವೂ ಮಕ್ಕಳ ಸಾವಿನ ಬಳಿಕವೇ ಬರಬೇಕೆಂಬ ವಿಧಿಯೇನೂ ಇಲ್ಲ.

ಇನ್ನು ಮಲೆನಾಡಿನ ಮಾತು. ಹತ್ತಾರು ವರ್ಷಗಳ ಹಿಂದೆ ಊರವರೇ ಶ್ರಮದಾನದಿಂದ ಕಟ್ಟಿದ ಸರ್ಕಾರಿ ಶಾಲೆಗಳು ಮಕ್ಕಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅದೇ ಊರಿನ ಮಕ್ಕಳು ಬೆಳಗಾಗುವ ಮೊದಲೇ ವ್ಯಾನುಗಳಲ್ಲಿ ಒತ್ತೊತ್ತಾಗಿ ಕುಳಿತು ಪೇಟೆಯ ಇಂಗ್ಲಿಷ್ ಶಾಲೆಗಳಿಗೆ ಹೊರಡುತ್ತಾರೆ. ಸಾಗರ, ಶಿರಸಿ, ತೀರ್ಥಹಳ್ಳಿ, ಕೊಪ್ಪಗಳಂಥ ಪೇಟೆಗಳ ಶಾಲೆಯ ಮುಂದೆಯೂ ಬೆಳಿಗ್ಗೆ ಕಾರು, ಜೀಪು, ಸ್ಕೂಟರುಗಳು ನೆರೆಯುತ್ತವೆ. ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳ ಮುಖದಲ್ಲಿ ಮೂಡಿದ ಬೆಳಕನ್ನು ಕಂಡವರುಂಟು. ಕೋವಿಡ್ ವರ್ಷಗಳಲ್ಲಿ ಆ ಯೋಜನೆ ನಿಂತಾಗ ರಸ್ತೆ ಅಗಲೀಕರಣಕ್ಕಾಗಿ ಎದ್ದಷ್ಟು ಕೂಗು ಸೈಕಲ್ಲಿಗಾಗಿ ಏಳಲಿಲ್ಲ. ಇಂದು ಪೇಟೆಯ ಶಾಲೆಯ ಮುಂದಿನ ಇಕ್ಕಟ್ಟು ನಾಳೆ ಘಟ್ಟದ ರಸ್ತೆಯನ್ನು ಅಗಲಿಸಲು, ಗುಡ್ಡ ಕಡಿಯಲು, ಸಾಲುಮರ ಉರುಳಿಸಲು ನೆಪವಾಗುತ್ತದೆ. ಕಡಿದ ಗುಡ್ಡ ಮಳೆಗಾಲದಲ್ಲಿ ಹೇಗೆ ಉತ್ತರ ಕೊಡುತ್ತದೆಂದು 2018ರ ಕೊಡಗು ತೋರಿಸಿದೆ, 2024ರ ಶಿರೂರು ತೋರಿಸಿದೆ.

ಬೆಂಗಳೂರಿಗೆ ತಡವಾಗಿದೆ, ಮಲೆನಾಡಿನ ಪೇಟೆಗಳಿಗೆ ಇನ್ನೂ ತಡವಾಗಿಲ್ಲ. ಶಾಲಾಭಿವೃದ್ಧಿ ಸಮಿತಿ, ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿಗಳು ಈ ವರ್ಷವೇ ಕುಳಿತು ಮಾಡಬಹುದಾದ ಕೆಲಸಗಳಿವೆ. ಶಾಲೆಯ ಬಾಗಿಲಿನಿಂದ ನೂರು ಮೀಟರ್ ದೂರದಲ್ಲೇ ವಾಹನ ನಿಲ್ಲುವಂತೆ ಪೊಲೀಸರಿಂದ ಆದೇಶ ಪಡೆಯುವುದು. ಆ ನೂರು ಮೀಟರನ್ನು ಎಲ್ಲ ಮಕ್ಕಳೂ ಒಟ್ಟಾಗಿ ನಡೆಯುವಂತೆ ಮಾಡುವುದು. ಸರ್ಕಾರಿ ಬಸ್ಸಿನ ವೇಳೆಯನ್ನು ಶಾಲೆಯ ವೇಳೆಗೆ ಹೊಂದಿಸಲು ಡಿಪೋದ ಮುಂದೆ ಪಟ್ಟು ಹಿಡಿಯುವುದು. ಮುರಿದ ಕಾಲುಸಂಕಗಳ ಪಟ್ಟಿ ಮಾಡಿ ಗ್ರಾಮಸಭೆಯ ಮುಂದಿಡುವುದು. ಎಲ್ಲಕ್ಕಿಂತ ಮಿಗಿಲಾಗಿ ಹತ್ತಿರದ ಶಾಲೆಯನ್ನು ಉಳಿಸಿಕೊಳ್ಳುವುದು. ವಿದ್ಯಾರ್ಥಿಗಳು ತಮ್ಮ ಶಾಲೆಗೆ ಎಷ್ಟು ಮಂದಿ ನಡೆದು, ಎಷ್ಟು ಮಂದಿ ಬಸ್ಸಿನಲ್ಲಿ, ಎಷ್ಟು ಮಂದಿ ಸ್ವಂತ ವಾಹನದಲ್ಲಿ ಬರುತ್ತಾರೆಂದು ಒಂದು ವಾರ ಎಣಿಸಿ ಸೂಚನಾ ಫಲಕದಲ್ಲಿ ಬರೆದರೆ ಅದೇ ಉತ್ತಮ ಪರಿಸರ ಪಾಠವಾದೀತು.

ಶಾಲೆ ಪೋಷಕರಿಗೆ ದಂಡ ವಿಧಿಸಲಾರದು. ಆದರೆ ಯಾರಿಗಾಗಿ ತನ್ನ ಬಾಗಿಲು ಎಂಬುದನ್ನು ಅದು ನಿರ್ಧರಿಸಬಲ್ಲದು. ಬೆಳಗಿನ ಹೊತ್ತು ಆ ಬಾಗಿಲಿನ ಮುಂದೆ ಮೊದಲ ಹಕ್ಕು ಕಾರಿನಿಂದ ಇಳಿಯುವ ಮಗುವಿನದೋ, ಕೊಡೆ ಹಿಡಿದು ನಡೆದು ಬಂದ ಮಗುವಿನದೋ? ನಡೆದು ಬಂದ ಮಗು ನಿರ್ಭಯವಾಗಿ ಒಳಗೆ ಕಾಲಿಡಬಲ್ಲ ಬಾಗಿಲಿನಲ್ಲಿ ಕಾರಿನಿಂದ ಇಳಿದ ಮಗುವೂ ಸುರಕ್ಷಿತವಾಗಿಯೇ ಇರುತ್ತದೆ.